ಬಾಯಿಪಾಠದಲ್ಲಿ ಉಳಿದ ಬುದ್ಧ

ತುಮಕೂರು ರಸ್ತೆಯ ಕಡೆಯ ಆಲೂರಿನ ವಿಪಶ್ಯನಾ ಕೇಂದ್ರದಲ್ಲಿ ಹತ್ತು ದಿನ ಬಾಯಿ ಮುಚ್ಚಿ ಕೂತು ಬಂದ ಗೆಳತಿ ಫೋನ್ ಮಾಡಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಬಾರಿಸುವ ಗಂಟೆ, ಮಂಡಿನೋವು, ಸಂಜೆಗೆ ಬರೀ ಹಣ್ಣು-ಮಂಡಕ್ಕಿ, ಎಲ್ಲ ಹೇಳಿ ಮುಗಿಸಿದ ಮೇಲೆ ನಿಜವಾದ ತಕರಾರು ಹೊರಗೆ ಬಂತು. "ಅದೆಲ್ಲ ಇರಲಿ ಕಣೇ. ಬೆಳಿಗ್ಗೆ ಬೆಳಿಗ್ಗೆ ವಿಪಶ್ಯನಾ ಗುರು ಗೋಯೆಂಕಾ ಅವರ ದನಿಯಲ್ಲಿ ಎಳೆದೂ ಎಳೆದೂ ಏನೋ ಹಾಕ್ತಾರಲ್ಲ, ಅದೇನು? ದೇವರಿಲ್ಲ ಅಂತಾರೆ, ಪೂಜೆ ಬೇಡ ಅಂತಾರೆ, ಆಮೇಲೆ ನೋಡಿದರೆ ಮಂತ್ರ!"

ತಕರಾರು ನ್ಯಾಯವಾದದ್ದೇ. ಆ ಶಿಬಿರಗಳಲ್ಲಿ ಕೂತವರು ಸುಮ್ಮನೆ ಕೇಳಬೇಕಷ್ಟೆ, ಜೊತೆಗೆ ಹೇಳುವಂತಿಲ್ಲ. ಹಾಗಾಗಿ ಹೊಸಬರಿಗೆ ಅದು ಒಗಟಾಗಿಯೇ ಉಳಿಯುತ್ತದೆ. ನನಗೆ ಪರಿಚಯವಿರುವುದು ಥೇರವಾದದವರು, ಅಂದರೆ ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್‌ಗಳ ಕಡೆಯವರು ಹೇಳುವ ಪಾಲಿ ಪಠಣ. ನಮ್ಮಲ್ಲಿ ಬೆಂಗಳೂರಿನ ಗಾಂಧಿನಗರದ ಮಹಾಬೋಧಿ ಸೊಸೈಟಿಯಲ್ಲೂ ಕಲಬುರಗಿ-ಬೀದರ್ ಕಡೆಯ ಬುದ್ಧವಂದನೆಗಳಲ್ಲೂ ಕೇಳಿಬರುವುದು. ಅವಳಿಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ.

ಬುದ್ಧ ಒಂದಕ್ಷರವನ್ನೂ ಬರೆದಿಟ್ಟವನಲ್ಲ. ಅವನ ಮಾತು ತಾಳೆಗರಿಗೆ ಇಳಿದದ್ದು ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ, ಶ್ರೀಲಂಕಾದ ಮಾತಲೆ ಹತ್ತಿರದ ಆಲುವಿಹಾರದಲ್ಲಿ ಎಂದು ಥೇರವಾದ ಸಂಪ್ರದಾಯ ಹೇಳುತ್ತದೆ. ಬರಗಾಲ, ಯುದ್ಧಗಳಲ್ಲಿ ಭಿಕ್ಖುಗಳು ಸಾಯುತ್ತಾ ಬಂದು, ನೆನಪಿಟ್ಟವರೇ ಇಲ್ಲವಾದರೆ ಗತಿಯೇನು ಎಂಬ ಭಯ ಹುಟ್ಟಿದಾಗ. ಅಲ್ಲಿಯತನಕ ಶತಮಾನಗಟ್ಟಲೆ ಎಲ್ಲವೂ ಬಾಯಲ್ಲೇ ಇತ್ತು. ಇದಕ್ಕೆಂದೇ ಭಾಣಕರು, ಅಂದರೆ ಪಾಠ ಹೇಳುವವರು, ಇದ್ದರು. ದೀರ್ಘ ಸುತ್ತಗಳನ್ನು (ಸುತ್ತ ಎಂದರೆ ಬುದ್ಧನ ಒಂದೊಂದು ಉಪದೇಶ) ಹೊತ್ತವರು ದೀಘಭಾಣಕರು, ಮಧ್ಯಮ ಗಾತ್ರದವನ್ನು ಹೊತ್ತವರು ಮಜ್ಝಿಮಭಾಣಕರು. ಭರ್ಹುತ್ ಸ್ತೂಪದ ಕಲ್ಲುಗಳ ಮೇಲಿನ ದಾನಶಾಸನಗಳಲ್ಲಿ ಕೊಟ್ಟವರ ಹೆಸರಿನ ಜೊತೆ 'ಭಾಣಕ' ಎಂಬ ಗುರುತೂ ಇದೆ. ಮೇಷ್ಟ್ರು, ಬಡಗಿ ಎಂಬಂತೆ ಅದೂ ಒಂದು ಗುರುತಾಗಿತ್ತು. ಸುತ್ತಗಳನ್ನು ಪುಸ್ತಕದಲ್ಲಿ ಓದುವವರು ಸಾಮಾನ್ಯವಾಗಿ ಗೊಣಗುತ್ತಾರೆ: ಒಂದೇ ಸಾಲು ಎಷ್ಟು ಸಲ ಬರುತ್ತದೆ ಮಾರಾಯರೇ! ಕಣ್ಣಿಗೆ ಅದು ಕಾಟ, ನಿಜ. ನಾಲಿಗೆಗೆ ಕೊಟ್ಟು ನೋಡಿ, ಆ ಪುನರುಕ್ತಿಯೇ ಕೈಹಿಡಿದು ಮುಂದಿನ ಸಾಲಿಗೆ ದಾಟಿಸುತ್ತದೆ.

ನನಗೆ ಬಹಳ ಪ್ರಿಯವಾದ ಪ್ರಸಂಗವೊಂದು 'ಉದಾನ' ಎಂಬ ಪಾಲಿ ಗ್ರಂಥದಲ್ಲಿದೆ. ಅವಂತಿ ದೇಶದಿಂದ ಸೋಣ ಕುಟಿಕಣ್ಣನೆಂಬ ಹೊಸ ಭಿಕ್ಖು ಬುದ್ಧನನ್ನು ನೋಡಲೆಂದು ಸಾವತ್ಥಿಯ ಜೇತವನಕ್ಕೆ ಬರುತ್ತಾನೆ. ದೀಕ್ಷೆಯಾಗಿ ಒಂದೇ ವರ್ಷಾವಾಸ, ಅಂದರೆ ಒಂದೇ ಮಳೆಗಾಲ ಕಳೆದಿತ್ತು. ಬುದ್ಧ ಅವನನ್ನು ತನ್ನ ಕುಟಿಯಲ್ಲೇ ಇರಿಸಿಕೊಳ್ಳುತ್ತಾನೆ. ರಾತ್ರಿ ಬಹಳ ಹೊತ್ತು ಇಬ್ಬರೂ ಮಾತಿಲ್ಲದೆ ಹೊರಗೆ ಕೂತಿರುತ್ತಾರೆ. ಬೆಳಗಿನ ಜಾವ ಎದ್ದು ಬುದ್ಧ ಕೇಳುತ್ತಾನೆ: ನಿನಗೆ ತಿಳಿದ ಧಮ್ಮವನ್ನು ಹೇಳು. ಸೋಣ ಅಟ್ಠಕವಗ್ಗವೆಂಬ ಭಾಗದ 16 ಸುತ್ತಗಳನ್ನೂ ಸ್ವರವಿಟ್ಟು ಹೇಳಿ ಮುಗಿಸುತ್ತಾನೆ. ಚೆನ್ನಾಗಿ ಕಲಿತಿದ್ದೀಯ, ದನಿ ಸ್ಪಷ್ಟವಾಗಿದೆ, ಅರ್ಥ ತಿಳಿಯುವಂತಿದೆ ಎಂದು ಬುದ್ಧ ಮೆಚ್ಚುತ್ತಾನೆ. ನೋಡಿ, ಇಲ್ಲಿ ಕೂತು ಕೇಳುತ್ತಿರುವವನು ಬುದ್ಧ, ಹೇಳುತ್ತಿರುವವನು ಹುಡುಗ. ಹೇಳುತ್ತಿರುವುದು ಬುದ್ಧನದೇ ಮಾತು. ಇದರಲ್ಲಿ ಬೇಡಿಕೆಯಿಲ್ಲ, ಸ್ತುತಿಯಿಲ್ಲ. ಪಾಠ ಒಪ್ಪಿಸುವುದು, ಕೇಳಿಸಿಕೊಳ್ಳುವುದು, ಇಷ್ಟೇ.

ಗೆಳತಿಯ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ. ಈ ಪಠಣದಲ್ಲಿ ಮೊದಲ ಕೇಳುಗ ಹೇಳುವವನೇ. ಎದುರಿಗಿರುವ ಮೂರ್ತಿಗೆ ಕಿವಿ ಇಲ್ಲ, ಇರಬೇಕಾಗಿಯೂ ಇಲ್ಲ.

ಇದು ಹಳೆಯ ಕಾಲದ ಮಾತು ಮಾತ್ರವೂ ಅಲ್ಲ. 1954ರಿಂದ 1956ರವರೆಗೆ ಮ್ಯಾನ್ಮಾರಿನ ಯಾಂಗೋನಿನಲ್ಲಿ ಆರನೆಯ ಸಂಗಾಯನ, ಅಂದರೆ ಭಿಕ್ಖುಗಳು ಸೇರಿ ಪಾಠ ಒಪ್ಪಿಸಿ ನೋಡುವ ಮಹಾಸಭೆ, ನಡೆದಾಗ ಬೌದ್ಧರ ಮೂಲಗ್ರಂಥಗಳಾದ ತ್ರಿಪಿಟಕದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ನೆನಪಿನಿಂದಲೇ ಉತ್ತರ ಹೇಳಿದವರು ಮಿಂಗುನ್ ಸಯಾಡೋ. ಅಚ್ಚಾದ ಪುಸ್ತಕಗಳು ಅಲ್ಲೇ ಪಕ್ಕದಲ್ಲಿದ್ದ ಕಾಲದಲ್ಲಿ! ನಮ್ಮ ಮಸ್ಕಿಯ ಬಂಡೆಯಲ್ಲಿ ಹೆಸರು ಸಿಕ್ಕ ಮೇಲೆ ತಾನೆ 'ದೇವಾನಾಂಪ್ರಿಯ' ಅಶೋಕನೇ ಎಂಬುದು ಗಟ್ಟಿಯಾದದ್ದು? ಆ ಅಶೋಕನೂ ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಏಳು ಧಮ್ಮಪಾಠಗಳ ಹೆಸರು ಬರೆಸಿ, ಭಿಕ್ಖು-ಭಿಕ್ಖುಣಿಯರೂ ಉಪಾಸಕ-ಉಪಾಸಿಕೆಯರೂ ಇವನ್ನು ಮತ್ತೆ ಮತ್ತೆ ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳಲಿ ಎನ್ನುತ್ತಾನೆ. 'ಮತ್ತೆ ಮತ್ತೆ' ಎಂಬುದೇ ಇಡೀ ಪದ್ಧತಿಯ ಗುಟ್ಟು.

ಸರಿ, ಏನು ಹೇಳುತ್ತಾರೆ? ಶುರುವಾಗುವುದು "ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ" ಎಂದು, ಮೂರು ಸಲ. ಆ ಭಗವಂತನಿಗೆ, ಅರಹಂತನಿಗೆ, ತಾನಾಗಿಯೇ ಸರಿಯಾಗಿ ಅರಿತವನಿಗೆ ನಮಸ್ಕಾರ. ಆಮೇಲೆ ತ್ರಿಸರಣ: ಬುದ್ಧಂ ಸರಣಂ ಗಚ್ಛಾಮಿ, ಧಮ್ಮಂ ಸರಣಂ ಗಚ್ಛಾಮಿ, ಸಂಘಂ ಸರಣಂ ಗಚ್ಛಾಮಿ. 'ದುತಿಯಂಪಿ' ಎಂದು ಎರಡನೆಯ ಸಲ, 'ತತಿಯಂಪಿ' ಎಂದು ಮೂರನೆಯ ಸಲ. ಒಂದು ಸಲ ಬಾಯಿ ಮಾತಿಗೆ ಹೇಳಿಬಿಡಬಹುದು; ಮೂರನೆಯ ಸಲಕ್ಕೆ ಬರುವಷ್ಟರಲ್ಲಿ ನಾನೇನು ಹೇಳುತ್ತಿದ್ದೇನೆ ಎಂದು ಅನ್ನಿಸದೆ ಇರುವುದು ಕಷ್ಟ.

ಮುಂದೆ ಪಂಚಶೀಲ. ಹೊಸಬರು ನಿಂತು ನೋಡಬೇಕಾದದ್ದು ಇಲ್ಲಿ. "ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ": ಜೀವ ತೆಗೆಯುವುದರಿಂದ ದೂರ ಇರುವ ಶಿಕ್ಷಾಪದವನ್ನು ಕೈಗೊಳ್ಳುತ್ತೇನೆ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳದಿರುವುದು, ಕಾಮದಲ್ಲಿ ತಪ್ಪು ನಡೆಯದಿರುವುದು, ಸುಳ್ಳಾಡದಿರುವುದು, ಅಮಲೇರಿಸುವುದನ್ನು ಕುಡಿಯದಿರುವುದು ಉಳಿದ ನಾಲ್ಕು. ಯಾರೂ ಮೇಲಿನಿಂದ 'ಮಾಡಬೇಡ' ಎಂದು ಆಜ್ಞೆ ಮಾಡುತ್ತಿಲ್ಲ. ಕ್ರಿಯಾಪದ ನನ್ನದು, ಉತ್ತಮಪುರುಷ. ಮುರಿದರೆ ನಾಳೆ ಮತ್ತೆ ಕೈಗೊಳ್ಳಬಹುದು. ದಿನಾ ಹೇಳುವುದು ಅದಕ್ಕೇ.

ಕಲಬುರಗಿಯಲ್ಲಿ ಪರಿಚಯದವರ ಮನೆಗೆ ಹೋದಾಗ ಕಂಡದ್ದು. ಮರುದಿನ ಯಾವುದೋ ನಾಮಕರಣಕ್ಕೆ ಹೋಗುವುದಿತ್ತು, ಅಲ್ಲಿ ಮಕ್ಕಳು ಮುಂದೆ ನಿಂತು ಬುದ್ಧವಂದನೆ ಹೇಳಿಕೊಡಬೇಕು. ಅಜ್ಜಿ ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಲೇ ಮೊಮ್ಮಗನಿಗೆ ಹೇಳಿಸುತ್ತಿದ್ದರು. ನಾಲ್ಕು ಶೀಲ ಸರಾಗವಾಗಿ ಬಂತು. ಐದನೆಯದು "ಸುರಾಮೇರಯಮಜ್ಜಪಮಾದಟ್ಠಾನಾ." ಹುಡುಗ 'ಸುರಾಮೇ...' ಎಂದು ಮುಗ್ಗರಿಸಿ ನಿಂತ.

"ಆಯಿ, ಇದು ಬಾಯಾಗ ಕುಂದ್ರಲ್ದು."

"ಒಮ್ಮಿಗೇ ನುಂಗ್ಲಾಕ ಹೋಗಬ್ಯಾಡ. ತುಂಡ ತುಂಡ ಮಾಡು. ಸುರಾ. ಮೇರಯ. ಮಜ್ಜ. ಪಮಾದ. ಟ್ಠಾನಾ."

"ಹಂಗಂದ್ರ ಏನು?"

"ಕುಡಿಬಾರ್ದು ಅಂತ. ಕುಡದ್ರ ಎಚ್ಚರ ತಪ್ತದ. ಎಚ್ಚರ ತಪ್ಪಿದಂವ ಮ್ಯಾಲಿನ ನಾಕೂ ಮುರೀತಾನ." ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಒಳಕೋಣೆಯ ಕಡೆ ದನಿ ಏರಿಸಿ, "ನಿಮ್ಮ ಕಾಕಾಗೂ ಕರಿ. ಅವಗ ಇದೊಂದೇ ಹೇಳ್ಸು, ಸಾಕು!" ಅಂದರು.

ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಓದಿಲ್ಲ. ಪಮಾದವೆಂದರೆ ಎಚ್ಚರಗೇಡಿತನ. ಕುಡಿತ ಅದರ ನೆಲೆ, ಆದ್ದರಿಂದ ಅದನ್ನು ಬಿಡು ಎಂಬುದು ಆ ಸಾಲಿನ ತರ್ಕ. ಅಜ್ಜಿ ಶಾಲೆಯಲ್ಲಿ ಪಾಲಿ ಓದಿದವರಲ್ಲ. ಅವರ ತಂದೆ ಹೇಳುತ್ತಿದ್ದುದನ್ನು ಕೇಳಿ ಕಲಿತವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಹಿರಿಯ ಭಿಕ್ಖು ಉ ಚಂದ್ರಮಣಿ ಬಾಬಾಸಾಹೇಬ್ ಅಂಬೇಡ್ಕರರಿಗೆ ಹೇಳಿಕೊಟ್ಟದ್ದು ಇದೇ ತ್ರಿಸರಣ, ಇದೇ ಪಂಚಶೀಲ. ಆಮೇಲೆ ಲಕ್ಷಾಂತರ ಜನಕ್ಕೆ ತಮ್ಮ 22 ಪ್ರತಿಜ್ಞೆಗಳೊಂದಿಗೆ ಅಂಬೇಡ್ಕರರೇ ಹೇಳಿಸಿದರು. ವೇದ ಕಿವಿಗೆ ಬೀಳಬಾರದು ಎನ್ನಿಸಿಕೊಂಡಿದ್ದ ಜನ ಒಂದು ಪ್ರಾಚೀನ ಭಾಷೆಯ ಪಾಠವನ್ನು ಬಯಲಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದರು. ಕಲಬುರಗಿಯ ಸೇಡಂ ರಸ್ತೆಯ ಬುದ್ಧವಿಹಾರವಾಗಲಿ, ಬೀದರಿನ ಓಣಿಯೊಂದರ ಮದುವೆಯಾಗಲಿ, ಅಲ್ಲಿ ಈ ಸಾಲುಗಳು ಕೇಳಿದಾಗ ಆ ದಿನವೂ ಅದರೊಳಗೆ ಇರುತ್ತದೆ. ಪಠಣವನ್ನು 'ಮನಸ್ಸಿನ ಶಾಂತಿಗೆ' ಎಂದಷ್ಟೇ ಮಾರುವವರು ಇದನ್ನು ಮರೆಯುತ್ತಾರೆ, ನನಗೆ ಸಿಟ್ಟು ಬರುವುದು ಆವಾಗ.

ಉಚ್ಚಾರದ ಬಗ್ಗೆ ಹೊಸಬರಿಗೆ ಇಲ್ಲದ ಹೆದರಿಕೆ. ನಮಗಂತೂ ಅರ್ಧ ಕೆಲಸ ಮುಗಿದೇ ಇದೆ. ಪಾಲಿಯ ಒಂದೊಂದು ಅಕ್ಷರಕ್ಕೂ ಕನ್ನಡ ಲಿಪಿಯಲ್ಲಿ ಜಾಗವಿದೆ, ಞ ಕೂಡ ಕೊನೆಗೂ ಉಪಯೋಗಕ್ಕೆ ಬರುತ್ತದೆ. ಸಂಸ್ಕೃತದ ಅಭ್ಯಾಸವಿದ್ದವರ ನಾಲಿಗೆ ಸರಣವನ್ನು ಶರಣ ಮಾಡುತ್ತದೆ, ಧಮ್ಮವನ್ನು ಧರ್ಮ ಮಾಡುತ್ತದೆ. ಸ್ವಲ್ಪ ಹಿಡಿದುಕೊಂಡರೆ ಸಾಕು. ಇನ್ನು 'ಶುದ್ಧ' ಯಾವುದು ಎಂಬ ಜಗಳಕ್ಕೆ ಇಳಿಯಲೇಬೇಡಿ. ಬರ್ಮಾದವರ ಬಾಯಲ್ಲಿ ಸ-ಕಾರ ಥ-ಕಾರದ ಹತ್ತಿರಕ್ಕೆ ಹೋಗಿ 'ತಸ್ಸ' ಎಂಬುದು 'ತಥ್ಥ'ದಂತೆ ಕೇಳುತ್ತದೆ. ಥಾಯ್ಲೆಂಡಿನವರು 'ಫುತ್ಥಂಗ್ ಸರಣಂಗ್ ಖಚ್ಛಾಮಿ' ಎನ್ನುತ್ತಾರೆ. ಬುದ್ಧ ಪೂರ್ಣಿಮೆಯ ದಿನ ಬೇರೆ ಬೇರೆ ದೇಶದ ಭಿಕ್ಖುಗಳು ಒಂದೇ ಕಡೆ ಕೂತರೆ ಮೂರು ಥರ ಕೇಳಿಸುತ್ತದೆ, ಯಾರೂ ಯಾರನ್ನೂ ತಿದ್ದುವುದಿಲ್ಲ.

ರಾಗದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಸಂಗೀತದಂತೆ ಎಳೆದು ಹಾಡಿದರೆ ಐದು ದೋಷ ಎಂದು ಅಂಗುತ್ತರ ನಿಕಾಯವೆಂಬ ಸುತ್ತಸಂಗ್ರಹದಲ್ಲಿದೆ: ಹಾಡುವವನೇ ತನ್ನ ದನಿಗೆ ಮರುಳಾಗುತ್ತಾನೆ, ಕೇಳುವವರೂ ಮರುಳಾಗುತ್ತಾರೆ, 'ನಾವು ಹಾಡಿದ ಹಾಗೇ ಇವರೂ ಹಾಡುತ್ತಾರಲ್ಲ' ಎಂದು ಗೃಹಸ್ಥರು ಆಡಿಕೊಳ್ಳುತ್ತಾರೆ, ದನಿಯ ಒನಪಿನ ಹಿಂದೆ ಬಿದ್ದವನ ಸಮಾಧಿ ಕೆಡುತ್ತದೆ, ಮುಂದಿನವರು ಅದನ್ನೇ ಅನುಕರಿಸುತ್ತಾರೆ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಈ ರೋಗ ಇತ್ತೆಂದರೆ ನಗು ಬರುತ್ತದೆ. ಕೀಬೋರ್ಡು, ಕೊಳಲು ಸೇರಿಸಿ ಯೂಟ್ಯೂಬಿಗೆ ಹಾಕಿದ 'ಬುದ್ಧಂ ಸರಣಂ'ಗಳನ್ನು ಕೇಳುವಾಗ ನನಗೆ ಮೂರನೆಯ ದೋಷದ ಗೃಹಸ್ಥರು ನೆನಪಾಗುತ್ತಾರೆ. ವಿಹಾರದಲ್ಲಿ ಕೇಳುವುದು ಎರಡು-ಮೂರು ಸ್ವರಗಳ ಒಳಗೇ ಓಡಾಡುವ ಸಪಾಟಾದ ದನಿ. ಗುಂಪಿನಲ್ಲಿ ಹೇಳುವಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದಿಲ್ಲ. ನಿಮಗೆ ಉಸಿರು ಮುಗಿದಾಗ ನಿಲ್ಲಿಸಿ, ಪಕ್ಕದವರು ಸಾಲನ್ನು ಹೊತ್ತಿರುತ್ತಾರೆ, ಮುಂದಿನ ಪದದಲ್ಲಿ ಸೇರಿಕೊಳ್ಳಿ. ಒಬ್ಬರೇ ಕಲಿಯುವುದಕ್ಕಿಂತ ಗುಂಪಿನಲ್ಲಿ ಬೇಗ ಬರುವುದು ಇದರಿಂದಲೇ.

ಬೈಲಕುಪ್ಪೆ ನೋಡಿ ಬಂದವರು ಇಲ್ಲಿ ಕೈ ಎತ್ತುತ್ತಾರೆ. ಅಲ್ಲಿ ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಲು ಶುರುಮಾಡಿದ ನಾಮ್‌ಡ್ರೋಲಿಂಗ್ ಮಠದಲ್ಲಿ ನಗಾರಿ, ಜಾಗಟೆ, ಆಳುದ್ದದ ಕೊಂಬು ಎಲ್ಲ ಇರುತ್ತವೆ. ಹುಣಸೂರು ತಾಲ್ಲೂಕಿನ ಗುರುಪುರದ ಗ್ಯುಮೆ ತಾಂತ್ರಿಕ ಮಠದ ಭಿಕ್ಷುಗಳಂತೂ ಪಾತಾಳದಿಂದ ಬಂದಂಥ ದನಿಯಲ್ಲಿ ಹೇಳುತ್ತಾರೆ. ಒಬ್ಬನ ಗಂಟಲಿನಿಂದಲೇ ಎರಡು ಸ್ವರ ಹೊರಟಂತೆ ಕೇಳಿಸುತ್ತದೆ. ಅದು ಟಿಬೆಟಿನವರ ವಜ್ರಯಾನ. ಅದರ ಲೆಕ್ಕವೇ ಬೇರೆ. ಮಂತ್ರ, ಮುದ್ರೆ, ಧ್ಯಾನದ ದೃಶ್ಯ ಎಲ್ಲ ಸೇರಿದ, ಗುರುವಿನಿಂದ ಪಡೆಯಬೇಕಾದ ವಿದ್ಯೆ. ಜಪಾನಿನಲ್ಲಿ 1253ರಲ್ಲಿ ನಿಚಿರೆನ್ ಎಂಬ ಭಿಕ್ಷು ಸಾರಿದ 'ನಮ್ ಮ್ಯೋಹೋ ರೆಂಗೆ ಕ್ಯೋ' ಇನ್ನೊಂದು ದಾರಿ. ಅಲ್ಲಿ ಸದ್ಧರ್ಮಪುಂಡರೀಕ ಸೂತ್ರದ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಮೂರನ್ನೂ ಒಂದೇ ವಾರದಲ್ಲಿ ಬೆರೆಸಿ ಕಲಸುಮೇಲೋಗರ ಮಾಡಿಕೊಳ್ಳಬೇಡಿ ಎಂಬುದಷ್ಟೇ ನನ್ನ ಮಾತು. ಗ್ಯುಮೆಯವರ ದನಿಯನ್ನು ಬಚ್ಚಲುಮನೆಯಲ್ಲಿ ಪ್ರಯತ್ನಿಸಿ ಗಂಟಲು ಕೆಡಿಸಿಕೊಳ್ಳುವುದೂ ಬೇಡ.

'ಹೇಳಿದರೆ ಏನಾಗುತ್ತೆ?' ಎಲ್ಲರೂ ಕೇಳುವುದು ಇದನ್ನೇ, ಸ್ವಲ್ಪ ಸಂಕೋಚದಿಂದ. ನಾಳಂದದ ಪಾವಾರಿಕ ಮಾವಿನತೋಪಿನಲ್ಲಿ ಅಸಿಬಂಧಕಪುತ್ತನೆಂಬ ಊರಗೌಡನೂ ಇಂಥದ್ದೇ ಕೇಳಿದ: ಸತ್ತವರನ್ನು ಸ್ವರ್ಗಕ್ಕೆ ಕಳಿಸುತ್ತೇವೆ ಎನ್ನುವ ಬ್ರಾಹ್ಮಣರಿದ್ದಾರೆ, ನೀನೂ ಎಲ್ಲರನ್ನೂ ಕಳಿಸಬಹುದಲ್ಲ? ಬುದ್ಧ ತಿರುಗಿ ಕೇಳಿದ. ಒಬ್ಬ ದೊಡ್ಡ ಬಂಡೆಯನ್ನು ಆಳವಾದ ಮಡುವಿಗೆ ಎಸೆದ. ಜನವೆಲ್ಲ ಸೇರಿ ಕೈಮುಗಿದು ಸುತ್ತು ಹಾಕುತ್ತಾ 'ಏಳು ಬಂಡೆಯೇ, ತೇಲು ಬಂಡೆಯೇ' ಎಂದು ಪ್ರಾರ್ಥಿಸಿದರೆ ಅದು ಮೇಲೆ ಬಂದೀತೆ? ಸಂಯುತ್ತ ನಿಕಾಯವೆಂಬ ಇನ್ನೊಂದು ಸಂಗ್ರಹದ ಈ ಪ್ರಸಂಗವನ್ನು ಓದಿದವರು ಪಠಣಕ್ಕೆ ಪವಾಡದ ಹೊಣೆ ಹೊರಿಸಲಾರರು.

ಆದರೂ ಅದೇ ಸಂಯುತ್ತ ನಿಕಾಯದಲ್ಲಿ ಇನ್ನೊಂದೂ ಇದೆ. ಶಿಷ್ಯ ಮಹಾಕಸ್ಸಪ ಕಾಯಿಲೆ ಬಿದ್ದಾಗ ಬುದ್ಧ ಹೋಗಿ ಏಳು ಬೋಜ್ಝಂಗಗಳನ್ನು, ಅಂದರೆ ಬೋಧಿಗೆ ಒಯ್ಯುವ ಏಳು ಅಂಗಗಳನ್ನು, ಹೇಳುತ್ತಾನೆ, ಕಸ್ಸಪ ಚೇತರಿಸಿಕೊಳ್ಳುತ್ತಾನೆ. ಇನ್ನೊಬ್ಬ ಶಿಷ್ಯ ಮೊಗ್ಗಲ್ಲಾನನಿಗೂ ಹಾಗೇ. ಒಮ್ಮೆ ಬುದ್ಧನೇ ಕಾಯಿಲೆ ಬಿದ್ದು, ನೋಡಲು ಬಂದ ಭಿಕ್ಖು ಮಹಾಚುಂದನಿಗೆ 'ಬೋಜ್ಝಂಗಗಳನ್ನು ಹೇಳು ಚುಂದ' ಎನ್ನುತ್ತಾನೆ. ಶ್ರೀಲಂಕಾದಲ್ಲಿ ಪಿರಿತ್ (ಪಾಲಿಯಲ್ಲಿ ಪರಿತ್ತ, ರಕ್ಷೆಯ ಪಠಣ) ಎಂದು ರಾತ್ರಿಯಿಡೀ ಹೇಳಿ, ಎಲ್ಲರ ಕೈಯಲ್ಲೂ ಹಾದುಹೋದ ಬಿಳಿ ದಾರವನ್ನು ಕೊನೆಗೆ ಮಣಿಕಟ್ಟಿಗೆ ಕಟ್ಟುವ ಪದ್ಧತಿಯಲ್ಲಿ ಈ ಸುತ್ತಗಳೂ ಇವೆ. ಬಂಡೆಗೂ ಬೋಜ್ಝಂಗಕ್ಕೂ ಜಗಳವಿದೆಯೇ? ನನಗೆ ಹಾಗೆ ಕಾಣುವುದಿಲ್ಲ. ಆ ಏಳು ಏನು: ಸ್ಮೃತಿ, ಧಮ್ಮದ ವಿಚಾರಣೆ, ವೀರ್ಯ (ಬಿಡದ ಪ್ರಯತ್ನ), ಪೀತಿ (ಉಲ್ಲಾಸ), ಪ್ರಶಾಂತತೆ, ಸಮಾಧಿ (ಏಕಾಗ್ರತೆ), ಉಪೇಕ್ಖೆ (ಸಮಚಿತ್ತ). ಹಾಸಿಗೆ ಹಿಡಿದವನಿಗೆ ಅವನೇ ಬದುಕಿಡೀ ಬೆಳೆಸಿಕೊಂಡದ್ದನ್ನು ಹೆಸರು ಹಿಡಿದು ನೆನಪಿಸಿದ ಹಾಗೆ. ಬಂಡೆಗೆ ನೆನಪಿಲ್ಲ, ಮನುಷ್ಯನಿಗೆ ಇದೆ. 'ಮಿಲಿಂದನ ಪ್ರಶ್ನೆಗಳು' ಎಂಬ ಹಳೆಯ ಪಾಲಿ ಗ್ರಂಥದಲ್ಲಿ ರಾಜ ಮಿಲಿಂದನಿಗೆ ಉತ್ತರ ಕೊಡುವ ಭಿಕ್ಖು ನಾಗಸೇನ ಕೂಡ ಪರಿತ್ತ ಎಲ್ಲರನ್ನೂ ಕಾಯುವುದಿಲ್ಲ ಎಂದು ಒಪ್ಪಿ, ಕರ್ಮದ ಅಡ್ಡಿ, ಕ್ಲೇಶದ ಅಡ್ಡಿ, ನಂಬಿಕೆ ಇಲ್ಲದಿರುವುದು ಎಂದು ಕಾರಣ ಕೊಡುತ್ತಾನೆ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಪಕ್ಕದಲ್ಲಿ ಕೂತು ಯಾರಾದರೂ ಹೇಳಿದರೆ ಅದೂ ಆಗಲಿ.

ಇನ್ನೊಂದು ಕಡೆಯ ಎಚ್ಚರವೂ ಬೇಕು. ವಿಮುಕ್ತಿಗೆ ಒದಗುವ ಐದು ಸಂದರ್ಭಗಳಲ್ಲಿ ಕಲಿತದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೂ ಒಂದು ಎಂದು ಅಂಗುತ್ತರ ಹೇಳುತ್ತದೆ: ಹೇಳುತ್ತಾ ಅರ್ಥ ಹೊಳೆಯುತ್ತದೆ, ಹೊಳೆದಾಗ ಸಂತೋಷ, ಅದರಿಂದ ಮೈ ಹಗುರ, ಅದರಿಂದ ಮನಸ್ಸು ಒಂದೆಡೆ. ದಿನವಿಡೀ ಪಾಠ ಒಪ್ಪಿಸುತ್ತಾ ಏಕಾಂತದ ಧ್ಯಾನವನ್ನೇ ಮರೆತವನು ಧಮ್ಮದಲ್ಲಿ ಬದುಕುವವನಲ್ಲ ಎಂಬ ಮಾತೂ ಅಲ್ಲೇ ಇದೆ. ಧಮ್ಮಪದದವನಂತೂ ಇನ್ನೂ ಖಾರ: ಎಷ್ಟು ಹೇಳಿದರೂ ನಡೆಯದವನು ಬೇರೆಯವರ ದನ ಎಣಿಸುವ ಗೋವಳ.

ಹಾಗಾದರೆ ಎಲ್ಲಿಂದ ಶುರು? ಪಂಚಶೀಲ ಬಾಯಿಗೆ ಬಂದ ಮೇಲೆ ಕರಣೀಯಮೆತ್ತ ಸುತ್ತವನ್ನೇ ಹಿಡಿಯಿರಿ ಎನ್ನುತ್ತೇನೆ. ಹತ್ತೇ ಗಾಹೆ, ಅಂದರೆ ಪದ್ಯ. ವಾರಕ್ಕೊಂದು ಗಾಹೆ ಸಾಕು, ಅವಸರವೇನಿದೆ. ಕಾಡಿನಲ್ಲಿ ವರ್ಷಾವಾಸಕ್ಕೆ ಹೋದ ಭಿಕ್ಖುಗಳನ್ನು ಮರದ ದೇವತೆಗಳು ಹೆದರಿಸಿ ಓಡಿಸಿದರಂತೆ, ಆಗ ಬುದ್ಧ ಇದನ್ನು ಕೊಟ್ಟು ಅದೇ ಕಾಡಿಗೆ ವಾಪಸ್ ಕಳಿಸಿದನಂತೆ ಎಂದು ಅಟ್ಠಕಥೆಯ (ಹಳೆಯ ಪಾಲಿ ವ್ಯಾಖ್ಯಾನದ) ಕಥೆ. ಬಹಳ ಜನ ಇದನ್ನು 'ಎಲ್ಲ ಜೀವಿಗಳೂ ಸುಖವಾಗಿರಲಿ' ಎಂಬ ಹಾರೈಕೆ ಎಂದಷ್ಟೇ ತಿಳಿದಿರುತ್ತಾರೆ. "ಸಬ್ಬೇ ಸತ್ತಾ ಭವಂತು ಸುಖಿತತ್ತಾ" ಎಂಬ ಹಾರೈಕೆ ಬರುವುದು ಆಮೇಲೆ. ಅದಕ್ಕೂ ಮೊದಲು, ಹಾರೈಸುವವನು ಹೇಗಿರಬೇಕು ಎಂಬ ಪಟ್ಟಿ ಬರುತ್ತದೆ:

ಸಕ್ಕೋ ಉಜೂ ಚ ಸುಹುಜೂ ಚ
ಸುವಚೋ ಚಸ್ಸ ಮುದು ಅನತಿಮಾನೀ
ಸಂತುಸ್ಸಕೋ ಚ ಸುಭರೋ ಚ
ಅಪ್ಪಕಿಚ್ಚೋ ಚ ಸಲ್ಲಹುಕವುತ್ತಿ

ಕೈಲಾಗುವವನು, ನೇರ ಮನುಷ್ಯ, ಪೂರಾ ನೇರ. ಹೇಳಿದರೆ ಕೇಳುವವನು, ಮೆದು, ಸೊಕ್ಕಿಲ್ಲದವನು. ಇದ್ದುದರಲ್ಲಿ ತೃಪ್ತ. 'ಸುಭರೋ', ಸಾಕಲು ಕಷ್ಟ ಕೊಡದವನು: ಭಿಕ್ಷಾಪಾತ್ರೆಗೆ ಬಿದ್ದದ್ದನ್ನು ಉಣ್ಣುವವನು, ಅದು ಬೇಕು ಇದು ಬೇಡ ಎನ್ನದವನು. ಕೆಲಸಗಳನ್ನು ಕಡಿಮೆ ಇಟ್ಟುಕೊಂಡವನು. ಹಗುರ ಬದುಕಿನವನು. ಇದು ಭಿಕ್ಖುಗಳಿಗೆ ಹೇಳಿದ್ದು, ಒಪ್ಪಿದೆ. ಆದರೂ 'ಅಪ್ಪಕಿಚ್ಚೋ' ಎಂದು ಬಾಯಿ ಹೇಳುತ್ತಿರುವಾಗ ತಲೆಯಲ್ಲಿ ಆಫೀಸಿನ ಮೂರು ವಾಟ್ಸಾಪ್ ಗುಂಪುಗಳು ಓಡುತ್ತಿದ್ದರೆ ಆ ಪದ ಚುಚ್ಚದೆ ಬಿಡುವುದಿಲ್ಲ. ಚಿಕ್ಕಂದಿನಲ್ಲಿ ಉರು ಹೊಡೆದ ಮಗ್ಗಿ ಸಂತೆಯಲ್ಲಿ ಲೆಕ್ಕ ಬಂದಾಗ ತಾನಾಗಿ ನಾಲಿಗೆಗೆ ಬರುವಂತೆ, ಈ ಸಾಲುಗಳೂ ಬೇಡದ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತವೆ. ಅತ್ತೆಯೊಂದಿಗೆ ಜಟಾಪಟಿ ಏರುತ್ತಿರುವಾಗ 'ಸುವಚೋ' ನೆನಪಾದರೆ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು.

ಮುಂದೆ ಬರುತ್ತದೆ ತಾಯಿಯ ಗಾಹೆ, "ಮಾತಾ ಯಥಾ ನಿಯಂ ಪುತ್ತಂ": ಒಬ್ಬನೇ ಮಗನನ್ನು ತಾಯಿ ಪ್ರಾಣ ಕೊಟ್ಟಾದರೂ ಕಾಯುವಂತೆ ಎಲ್ಲ ಜೀವಿಗಳ ಕಡೆಗೂ ಎಲ್ಲೆಯಿಲ್ಲದ ಮನಸ್ಸು. ಆಮೇಲೆ "ತಿಟ್ಠಂ ಚರಂ ನಿಸಿನ್ನೋ ವಾ ಸಯಾನೋ ವಾ": ನಿಂತಿರಲಿ, ನಡೆಯುತ್ತಿರಲಿ, ಕೂತಿರಲಿ, ಮಲಗಿರಲಿ, ನಿದ್ದೆ ಬರದೆ ಇರುವಷ್ಟು ಹೊತ್ತೂ. ಅಂದರೆ ಪದ್ಮಾಸನ, ಮಣೆ, ಮಡಿ ಯಾವುದೂ ಕಡ್ಡಾಯವಲ್ಲ. ಮೆಟ್ರೋದಲ್ಲಿ ನಿಂತೇ ಮನಸ್ಸಿನಲ್ಲಿ ಹೇಳಿಕೊಳ್ಳಬಹುದು. ಆದರೆ ಕಲಿಯುವ ದಿನಗಳಲ್ಲಿ ಗಟ್ಟಿಯಾಗಿಯೇ ಹೇಳಿ. ಪಿಸುಮಾತಿನಲ್ಲಿ ನಾಲಿಗೆ ಕಳ್ಳತನ ಮಾಡುತ್ತದೆ, ದೀರ್ಘ ಹ್ರಸ್ವವಾಗುತ್ತದೆ, ಒತ್ತಕ್ಷರ ಉದುರುತ್ತದೆ. ಮೊದಲು ಗಾಹೆಯ ಕನ್ನಡ ಅರ್ಥ ಓದಿ, ಆಮೇಲೆ ಪಾಲಿ ಹೇಳಿ, ಹೇಳಿ ಮುಗಿಸಿ ಒಂದೆರಡು ನಿಮಿಷ ಸುಮ್ಮನೆ ಕೂತಿರಿ. ಜಪಮಾಲೆಯ ಎಣಿಕೆ ಇದಕ್ಕೆ ಬೇಡ.

ವಿಹಾರಕ್ಕೆ ಹೋಗಿ ಕೇಳುವುದಾದರೆ ಗಾಂಧಿನಗರದ್ದು ಸುಲಭ, ಮೆಜೆಸ್ಟಿಕ್ಕಿನಿಂದ ನಡೆದೇ ಹೋಗಬಹುದು. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ್ದು. ಹುಣ್ಣಿಮೆಯ ದಿನ ಹೋದರೆ ಒಳ್ಳೆಯದು. ಬಿಳಿ ಬಟ್ಟೆ ವಾಡಿಕೆ, ಇಲ್ಲದಿದ್ದರೂ ನಡೆಯುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಹಿಂದೆ ಕೂತುಕೊಳ್ಳಿ, ಭಿಕ್ಖುಗಳ ಮತ್ತು ಮೂರ್ತಿಯ ಕಡೆಗೆ ಕಾಲು ಚಾಚಬೇಡಿ. ಭಿಕ್ಖುಗಳನ್ನು ಮಾತಾಡಿಸುವಾಗ 'ಭಂತೇ' ಎನ್ನಿ, ಕಲಬುರಗಿ ಕಡೆ 'ಭಂತೇಜಿ'. ಪಾಠ ಗೊತ್ತಿಲ್ಲದಿದ್ದರೆ ಸುಮ್ಮನೆ ಕೇಳಿ, 'ಸಾಧು' ಎಂದು ಮೂರು ಸಲ ಬಂದಾಗ ದನಿಗೂಡಿಸಿ, ಅಷ್ಟೇ. ನಿಮ್ಮ ಜಾತಿ, ಧರ್ಮ ಯಾರೂ ಕೇಳುವುದಿಲ್ಲ. ಕೈಗೆ ಕೊಟ್ಟ ವಂದನಾ ಪುಸ್ತಕವನ್ನು ಮಾತ್ರ ನೆಲದ ಮೇಲೆ ಇಡಬೇಡಿ. ಪಕ್ಕದಲ್ಲಿ ಕೂತ ಹಿರಿಯರು ಯಾರಾದರೂ ಒಂದು ಮಾತೂ ಆಡದೆ ಅದನ್ನೆತ್ತಿ ನಿಮ್ಮ ತೊಡೆಯ ಮೇಲಿಡುತ್ತಾರೆ.